ಕೌಲೆಯ ಹಗ್ಗ ಬಿಚ್ಚಿದ ದಿನ

ನನ್ನ ಮೊದಲನೆಯ ಮಗು ಅಳಲೇ ಇಲ್ಲ. ಹೆರಿಗೆ ಮನೆಯಲ್ಲೇ ಆಗಿತ್ತು. ಸೂಲಗಿತ್ತಿ ಬೆನ್ನು ತಟ್ಟಿದಳು, ಮುಖಕ್ಕೆ ನೀರು ಚಿಮುಕಿಸಿದಳು, ನನ್ನ ಅತ್ತೆ ಕಿವಿಯ ಹತ್ತಿರ ಕಂಚಿನ ತಟ್ಟೆ ಬಡಿದರು. ಗಂಡು ಮಗು, ತಲೆತುಂಬ ಕೂದಲು. ಕಣ್ಣು ಬಿಡಲಿಲ್ಲ. ಆ ತಟ್ಟೆಯನ್ನು ಅತ್ತೆ ಆಮೇಲೆ ಅಟ್ಟಕ್ಕೆ ಹಾಕಿಬಿಟ್ಟರು. ಅದರಲ್ಲಿ ಯಾರೂ ಉಣ್ಣಲಿಲ್ಲ.

ಶಾರದಮ್ಮನನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಅಂಥ ಮನೆಗೆ ಅಮ್ಮ ಹೇಗೆ ಕೃಪೆ ಮಾಡಿದಳು ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ನನ್ನ ಹೆಸರು ಸುಶೀಲ. ಶೃಂಗೇರಿಯಿಂದ ಕೊಪ್ಪಕ್ಕೆ ಹೋಗುವ ರಸ್ತೆಯ ಅಂಚಿನಲ್ಲೇ, ಅಡ್ಡಗದ್ದೆ ಕಡೆ, ನಮ್ಮದೊಂದು ಸಣ್ಣ ಮನೆ. ನಾನೂ ನಮ್ಮ ಯಜಮಾನರೂ ಕೂಲಿಗೆ ಹೋಗುವವರು. ಮನೆಯಲ್ಲಿ ಅತ್ತೆ ಇದ್ದರು, ಕೌಲೆ ಎಂಬ ಒಂದು ಹಸು ಇತ್ತು. ಬಾಯಿ ಯಾರದು ಜೋರು, ಅತ್ತೆಯದೋ ಸೊಸೆಯದೋ ಎಂದು ನೆರೆಹೊರೆಯವರು ಇವತ್ತಿಗೂ ತೀರ್ಮಾನ ಮಾಡಿಲ್ಲ. ಕೌಲೆ ಒಂದೇ ನಮ್ಮ ಮನೆಯಲ್ಲಿ ಸಾಧು.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ ನಾನು ಮತ್ತೆ ಬಸುರಿಯಾದೆ. ಈ ಸಲ ಆಸ್ಪತ್ರೆಗೇ ಹೋಗುವುದು ಎಂದು ಮೊದಲೇ ಹೇಳಿಬಿಟ್ಟೆ. ಕೊಪ್ಪಕ್ಕೆ ಹೊಸದಾಗಿ ಒಬ್ಬರು ಡಾಕ್ಟ್ರಮ್ಮ ಬಂದಿದ್ದರು. ಚಿಕ್ಕ ವಯಸ್ಸು, ಮಾತು ಕಡಿಮೆ, ಕೈ ತಣ್ಣಗೆ. ಅವರ ಹತ್ತಿರ ಹೋಗಿ ತೋರಿಸಿಕೊಂಡು ಬರುತ್ತಿದ್ದೆ. ಅತ್ತೆ ಬೇಡವೆನ್ನಲಿಲ್ಲ, ಆದರೆ ಅವರ ಚಿಂತೆ ಬೇರೆಯೇ ಇತ್ತು. ನಮ್ಮ ಕಡೆ ಹೆರಿಗೆ ತಡವಾದರೆ ಮನೆಯಲ್ಲಿ ಕಟ್ಟಿದ್ದು, ಮುಚ್ಚಿದ್ದು ಏನೂ ಇರಬಾರದು ಎಂದು ರೂಢಿ. ಬೀಗ ತೆಗೆಯಬೇಕು, ಪೆಟ್ಟಿಗೆಯ ಮುಚ್ಚಳ ತೆರೆಯಬೇಕು, ಗಂಟು ಕಂಡಲ್ಲಿ ಬಿಚ್ಚಬೇಕು. ಹೆರುವವಳ ದಾರಿ ಆಗ ಬಿಡುತ್ತದೆ ಎನ್ನುವ ನಂಬಿಕೆ.

"ಹೋದ ಸಲವೂ ಎಲ್ಲ ಬಿಚ್ಚಿದ್ರಲ್ಲ ಅತ್ತೆ, ಎಂತ ಆಯ್ತು?" ಎಂದು ನಾನೊಂದು ದಿನ ಚುಚ್ಚಿದೆ.

ಅತ್ತೆ ಕೊಟ್ಟಿಗೆಯ ಕಡೆ ನೋಡಿದರು. ಆಮೇಲೆ, "ಎಲ್ಲ ಬಿಚ್ಚಿರ್ಲಿಲ್ಲ ಮಾರಾಯ್ತಿ. ಕೊಟ್ಟಿಗೆಯಲ್ಲಿ ಕೌಲೆ ಕಟ್ಟೇ ಇತ್ತು. ನಂಗೆ ಮರ್ತೇ ಹೋಯ್ತು" ಎಂದರು.

ಅಷ್ಟು ವರ್ಷ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೇಯುತ್ತಿದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆ ಎದ್ದು ಹೋಗಿ ಅರಿಶಿನದ ಬಟ್ಟೆಯಲ್ಲಿ ನಾಣ್ಯವೊಂದನ್ನಿಟ್ಟು ಶಾರದಮ್ಮನ ಹೆಸರಿನಲ್ಲಿ ಮುಡಿಪು ಕಟ್ಟಿ ದೇವರ ಗೂಡಿನಲ್ಲಿಟ್ಟರು. "ಮಗು ಎತ್ಕೊಂಡು ಹೋಗಿ ಅಮ್ಮನ ಎದುರಿಗೇ ಇದನ್ನ ಬಿಚ್ಚೋದು" ಎಂದರು.

ಕಾರ್ತಿಕ ಮಾಸದಲ್ಲಿ ಒಂದು ಬೆಳಿಗ್ಗೆ ನೋವು ಕಾಣಿಸಿತು. ಬಸ್ಸಿಗೆ ಕೈ ತೋರಿಸಿ ನಿಲ್ಲಿಸಿ ನಾನೂ ಯಜಮಾನರೂ ಹೊರಟೆವು. ಮನೆ ಮತ್ತು ಹಸು ನೋಡಿಕೊಳ್ಳಲು ಅತ್ತೆ ಉಳಿದರು. ಕಂಡಕ್ಟರು ಮುಂದಿನ ಸೀಟು ಬಿಡಿಸಿಕೊಟ್ಟು, "ನಿಧಾನ ಹೊಡಿ ಮಾರಾಯ, ಬಸುರಿ ಹೆಂಗ್ಸು ಇದಾರೆ" ಎಂದು ಡ್ರೈವರನಿಗೆ ಹೇಳಿದ. ಡ್ರೈವರ್ ನಿಧಾನವಾಗಿಯೇ ಹೊಡೆದ. ರಸ್ತೆ ಕೇಳಬೇಕಲ್ಲ! ಒಂದೊಂದು ಗುಂಡಿಗೂ ನಾನು ಸೀಟಿನ ಕಂಬಿ ಹಿಡಿದು ಹಲ್ಲು ಕಚ್ಚುತ್ತಿದ್ದೆ.

ಆಸ್ಪತ್ರೆಯಲ್ಲಿ ಸಿಸ್ಟರ್ ಒಳ್ಳೆಯವರು, ನಗುಮುಖದವರು. ಡಾಕ್ಟ್ರಮ್ಮ ಮಾತ್ರ ಅಣ್ಣನ ಮನೆಯ ಕಾರ್ಯಕ್ಕೆಂದು ಹಿಂದಿನ ದಿನವೇ ರಜೆ ಹಾಕಿ ಹೋಗಿದ್ದರು. "ಇನ್ನೂ ದಿನ ಇದೆ ಅಂತ ನಿಮಗೆ ಹೇಳಿದ್ರಲ್ವಾ, ನೀವು ಬೇಗ ಬಂದುಬಿಟ್ರಿ" ಎಂದರು ಸಿಸ್ಟರ್. ನಿಜ, ನನ್ನ ಮಗುವಿಗೇ ಅವಸರ. ಆದರೆ ಅವಸರ ಬಂದು ಅರ್ಧಕ್ಕೇ ನಿಂತಿತು. ನೋವು ಬರುತ್ತದೆ, ಹೋಗುತ್ತದೆ. ಮರುದಿನ ಬೆಳಕಾದರೂ ಅಷ್ಟೇ.

ಪಕ್ಕದ ಮಂಚದಲ್ಲಿ ನರಸಿಂಹರಾಜಪುರಕ್ಕೆ ಮದುವೆಯಾಗಿ ಹೋಗಿ, ತವರಿಗೆ ಬಾಣಂತನಕ್ಕೆ ಬಂದಿದ್ದ ಸಾಬರ ಹುಡುಗಿಯೊಬ್ಬಳು ಮಲಗಿದ್ದಳು. ಅವಳ ತಾಯಿ ನನ್ನ ಒದ್ದಾಟ ನೋಡಲಾರದೆ ಎದ್ದು ಬಂದು, ಕೇಳದೆಯೇ ನನ್ನ ಜಡೆ ಬಿಚ್ಚತೊಡಗಿದರು. "ಗಂಟು ಇರಬಾರ್ದು ಮಗಳೇ. ಮನೇಲಿ ನಿನ್ನ ಅತ್ತೆಗೆ ಹೇಳಿ ಕಳ್ಸು, ಪೆಟ್ಗೆ ಗಿಟ್ಗೆ ತೆಗ್ದಿಡ್ಲಿ" ಎಂದರು. ಅಷ್ಟು ನೋವಿನಲ್ಲೂ ನನಗೆ ನಗು ಬಂತು. ಅತ್ತೆಯನ್ನು ಬಿಟ್ಟು ಬಂದೆ ಅಂದುಕೊಂಡರೆ ಇಲ್ಲೂ ಒಬ್ಬರು ಅತ್ತೆ!

ಸಿಸ್ಟರ್ ಮತ್ತೆ ಪರೀಕ್ಷೆ ಮಾಡಿದರು. ಈ ಸಲ ಅವರ ಮುಖದಲ್ಲಿ ನಗುವಿರಲಿಲ್ಲ. ಯಜಮಾನರನ್ನು ಬಾಗಿಲ ಹತ್ತಿರ ಕರೆದು ಹೇಳಿದ್ದು ನನಗೂ ಕೇಳಿಸಿತು. ಮಗುವಿನ ತಲೆ ಕೆಳಗೆ ತಿರುಗಿಲ್ಲ, ಕಾಲು ಮುಂದಾಗಿದೆ. ಇಂಥದ್ದನ್ನು ತಾನೊಬ್ಬಳೇ ಮಾಡಿ ಅಪಾಯ ತಂದುಕೊಳ್ಳಲಾರೆ. ಡಾಕ್ಟ್ರಮ್ಮ ಬೇಕು, ಇಲ್ಲವಾದರೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಬೇಕು.

ಯಜಮಾನರು ಓಡಿದರು. ಊರಿನಲ್ಲಿದ್ದ ಟ್ಯಾಕ್ಸಿ ಮದುವೆ ದಿಬ್ಬಣಕ್ಕೆ ಹೋಗಿತ್ತು, ಬರುವುದು ಮಧ್ಯಾಹ್ನದ ಮೇಲೆ. ಬಸ್ ಸ್ಟ್ಯಾಂಡಿನಲ್ಲಿ ಶೃಂಗೇರಿಗೆ ಹೊರಟಿದ್ದ ಬಸ್ಸು ಸಿಕ್ಕಿತು. ಹಿಂದಿನ ದಿನ ನಮ್ಮನ್ನು ಕರೆತಂದ ಕಂಡಕ್ಟರೇ ಇದ್ದ. "ಮನೇಲಿ ನನ್ನ ಅಮ್ಮನಿಗೆ ಒಂದು ಮಾತು ಹೇಳಿ ಹೋಗು ಮಾರಾಯ. ಇನ್ನೂ ಆಗ್ಲಿಲ್ಲ. ಡಾಕ್ಟ್ರಮ್ಮ ರಜೆ ಮೇಲಿದಾರೆ. ಶಿವಮೊಗ್ಗಕ್ಕೆ ಹೋಗ್ಬೇಕಾಗ್ತದೆ" ಎಂದು ಹೇಳಿ ಕಳಿಸಿದರು.

ನಾನು ಮಂಚದ ಮೇಲೆ ಮಾಡಿನ ಹಂಚು ನೋಡುತ್ತ ಮಲಗಿದ್ದೆ. ಶ್ಲೋಕ ಹೇಳಿಕೊಳ್ಳೋಣವೆಂದರೆ ಒಂದೂ ನೆನಪಾಗಲಿಲ್ಲ. ಬಂದದ್ದು ಬೈಗುಳವೇ. ತಪ್ಪೆಂದು ಯಾರಾದರೂ ಹೇಳಿದರೆ ಹೇಳಲಿ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. 'ಅಮ್ಮಾ, ನಿನ್ನ ಗುಡಿಗೆ ಬಂದಾಗಲೆಲ್ಲ ಸಾಲಿನಲ್ಲಿ ನಿಂತಿದ್ದೇನೆ, ಯಾರನ್ನೂ ತಳ್ಳಿಕೊಂಡು ಮುಂದೆ ಹೋದವಳಲ್ಲ. ಇವತ್ತೊಂದು ದಿನ ನನ್ನನ್ನು ಮುಂದೆ ಕರೆ. ಒಂದನ್ನು ತಗೊಂಡಿದ್ದೀಯ. ಇದನ್ನೂ ತಗೊಂಡರೆ ನಾನು ಇನ್ನು ನಿನ್ನ ಮುಖ ನೋಡುವುದಿಲ್ಲ, ತಿಳ್ಕೋ.' ಹೀಗೆ ಜಗಳವಾಡಿ ಜಗಳವಾಡಿ ಸುಸ್ತಾಯಿತು. ಹೊಟ್ಟೆಯೊಳಗಿನ ಚಲನೆ ಕಡಿಮೆಯಾದ ಹಾಗೆ ಅನ್ನಿಸಿ, ಆಮೇಲೆ ಅಮ್ಮನನ್ನು ಬೈಯುವ ಧೈರ್ಯವೂ ಹೋಯಿತು. ಸುಮ್ಮನೆ ಅಳುತ್ತ ಮಲಗಿದೆ.

ಅತ್ತ ಮನೆಯ ಕಥೆ ನನಗೆ ಆಮೇಲೆ ತಿಳಿದದ್ದು. ಅತ್ತೆಯೂ ಕಂಡಕ್ಟರೂ ಅದನ್ನು ಎಷ್ಟು ಸಲ ಹೇಳಿದ್ದಾರೆಂದರೆ ನಾನೇ ಅಲ್ಲಿದ್ದ ಹಾಗಿದೆ.

ಬಸ್ಸಿನಿಂದಲೇ ಕಂಡಕ್ಟರ್ ಕೂಗಿ ಹೇಳಿದ ಸುದ್ದಿ ಕೇಳಿದ್ದೇ ತಡ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಟ್ರಂಕು ತೆರೆದರು, ಅಕ್ಕಿ ಡಬ್ಬಿಯ ಮುಚ್ಚಳ ತೆಗೆದರು, ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರು, ಬಟ್ಟೆ ಒಣಹಾಕುವ ಹಗ್ಗವನ್ನೂ ಬಿಡಲಿಲ್ಲ. ಪಕ್ಕದ ಮನೆಯವರ ಕಪಾಟಿನ ಬೀಗವನ್ನೂ ತೆಗೆಸಿದರಂತೆ. ಮುಡಿಪಿನ ಗಂಟಿಗೆ ಕೈ ಹೋಗಿ ಹಿಂದೆ ಬಂತು, ಅದು ಅಮ್ಮನದು. ಕಡೆಗೆ ಕೊಟ್ಟಿಗೆಗೆ ಹೋಗಿ ಕೌಲೆಯ ಕೊರಳ ಹಗ್ಗ ಬಿಚ್ಚಿ, "ಹೋಗು ತಾಯಿ, ಎಲ್ಲಿಗೆ ಬೇಕಾದ್ರೂ ಹೋಗು" ಎಂದರು.

ಕೌಲೆ ದೂರವೇನೂ ಹೋಗಲಿಲ್ಲ. ಬಿಸಿಲಿಗೆ ಟಾರು ಬೆಚ್ಚಗಿತ್ತು. ರಸ್ತೆಯ ನಟ್ಟನಡುವೆ ಹೋಗಿ ಕಾಲು ಮಡಿಸಿ ಮಲಗಿ ಮೆಲುಕು ಹಾಕತೊಡಗಿತು. ಅಷ್ಟರಲ್ಲಿ ಅದೇ ಬಸ್ಸು ಶೃಂಗೇರಿಯಿಂದ ತಿರುಗಿ ಬಂತು. ಡ್ರೈವರ್ ಹಾರನ್ ಬಾರಿಸಿದ. ಕೌಲೆ ಒಂದು ಕಿವಿ ಆಡಿಸಿತು. ಕಂಡಕ್ಟರ್ ಇಳಿದು ಬಂದು ದಬ್ಬಿ ಎಬ್ಬಿಸಿ, ಕೊಟ್ಟಿಗೆ ಬಾಗಿಲಲ್ಲಿ ಬಿದ್ದಿದ್ದ ಹಗ್ಗ ಎತ್ತಿ ಮರಕ್ಕೆ ಕಟ್ಟಲು ಹೊರಟ.

"ಕಟ್ಟಬೇಡ! ಕಟ್ಟಬೇಡ ಮಾರಾಯ, ನಿನ್ನ ದಮ್ಮಯ್ಯ!" ಎಂದು ಅತ್ತೆ ಓಡಿ ಬಂದು ಹಗ್ಗ ಕಿತ್ತುಕೊಂಡರು.

"ಎಂತ ಅಜ್ಜಿ ನಿಮ್ದು? ದನ ರಸ್ತೇಲಿ ಬಿಟ್ರೆ ಬಸ್ಸು ಎಲ್ಲಿ ಹೋಗ್ಬೇಕು?"

"ನನ್ನ ಸೊಸೆ ಅಲ್ಲಿ ಸಾಯ್ತಿದಾಳೆ. ಹೋದ ಸಲ ಇದೊಂದು ಕಟ್ಟಿದ್ದಕ್ಕೇ ಮಗು ಹೋಯ್ತು. ಈ ಸಲ ನನ್ನ ಪ್ರಾಣ ಹೋದ್ರೂ ಕಟ್ಟಕ್ಕೆ ಬಿಡಲ್ಲ!"

ಬಸ್ಸಿನಲ್ಲಿದ್ದವರು ನಕ್ಕರು. ನಗದೆ ಇದ್ದವರು ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಹೆಂಗಸು. ತಲೆ ಹೊರಗೆ ಹಾಕಿ, "ಯಾವ ಆಸ್ಪತ್ರೆಯಲ್ಲಿದಾಳಮ್ಮ ನಿಮ್ಮ ಸೊಸೆ?" ಎಂದು ಕೇಳಿದರು.

"ಕೊಪ್ಪದಲ್ಲಿ. ಮಗು ಅಡ್ಡ ಬಂದಿದೆಯೋ ಎಂತದೋ. ಅಲ್ಲಿದ್ದ ಡಾಕ್ಟ್ರಮ್ಮ, ಆ ಪುಣ್ಯಾತ್ಗಿತ್ತಿ, ಇದೇ ಹೊತ್ತಿಗೆ ರಜೆ ಹಾಕಿ ಹೋಗಿದಾಳಂತೆ!"

"ಆ ಪುಣ್ಯಾತ್ಗಿತ್ತಿ ನಾನೇ. ಬನ್ನಿ, ಹತ್ತಿ."

ಅಣ್ಣನ ಮನೆ ಶಿವಮೊಗ್ಗದಲ್ಲಿ. ಕಾರ್ಯಕ್ಕೆ ಹೋಗುವ ಮೊದಲು ಅಮ್ಮನ ದರ್ಶನ ಮಾಡಿ ಹೋಗೋಣವೆಂದು ಡಾಕ್ಟ್ರಮ್ಮ ಶೃಂಗೇರಿಗೆ ಬಂದು ಉಳಿದಿದ್ದರು. ಆ ಬಸ್ಸು ಕೊಪ್ಪದಲ್ಲಿ ಸ್ವಲ್ಪ ನಿಂತು ಶಿವಮೊಗ್ಗಕ್ಕೆ ಹೋಗುವ ಬಸ್ಸು. ಅವರು ಇಳಿಯುವ ಮಾತೇ ಇರಲಿಲ್ಲ. ಮನೆ ಬಾಗಿಲು ಹಾರುಹೊಡೆದು, ಹಸುವನ್ನು ರಸ್ತೆಯಲ್ಲೇ ಬಿಟ್ಟು, ಚಪ್ಪಲಿಯೂ ಇಲ್ಲದೆ ಅತ್ತೆ ಬಸ್ಸು ಹತ್ತಿದರು. ಡ್ರೈವರ್ ಆಮೇಲೆ ಎಲ್ಲೂ ನಿಲ್ಲಿಸಲಿಲ್ಲವಂತೆ, ಆಸ್ಪತ್ರೆಯ ಎದುರಿಗೇ ತಂದು ಇಳಿಸಿದನಂತೆ.

ನಾನು ಕಣ್ಣು ಮುಚ್ಚಿ ಮಲಗಿದ್ದೆ. ಹಣೆಯ ಮೇಲೆ ತಣ್ಣನೆಯ ಕೈ. "ಸುಶೀಲಾ, ನಿಮ್ಮ ಅತ್ತೆ ದನ ಬಿಟ್ಟು ನನ್ನನ್ನ ಹಿಡ್ಕೊಂಡು ಬಂದ್ರು. ಇನ್ನು ಹೆದರಬೇಡ" ಎನ್ನುವ ದನಿ. ಕನಸೆಂದೇ ತಿಳಿದೆ. ಬಾಗಿಲಲ್ಲಿ ಅತ್ತೆ ಕೈಮುಗಿದು ನಿಂತದ್ದು ಕಂಡಿತು. ಅವರ ಕೂದಲೂ ಬಿಚ್ಚಿತ್ತು.

ಆಮೇಲಿನದು ಹೆತ್ತವರಿಗೆಲ್ಲ ಗೊತ್ತಿರುವುದೇ, ಬಿಡಿಸಿ ಬರೆಯುವುದಿಲ್ಲ. ಡಾಕ್ಟ್ರಮ್ಮ ಹೇಳಿದಾಗ ಜೋರು ಮಾಡಿದೆ, ತಡೆ ಎಂದಾಗ ತಡೆದೆ. ತಡೆಯುವುದೇ ಹೆಚ್ಚು ಕಷ್ಟ. ಪಕ್ಕದ ಮಂಚದ ಹುಡುಗಿಯ ತಾಯಿ ಆಚೆ ತಮ್ಮ ದೇವರನ್ನು ಕರೆಯುತ್ತಿದ್ದರು, ಅತ್ತೆ ಶಾರದಮ್ಮನನ್ನು ಕರೆಯುತ್ತಿದ್ದರು. ಮೊದಲು ಒಂದು ಕಾಲು ಬಂತು, ಆಮೇಲೆ ಇನ್ನೊಂದು, ಕಡೆಗೆ ತಲೆ. ಆಮೇಲೆ ಕೋಣೆಯೆಲ್ಲ ನಿಶ್ಶಬ್ದ.

ಆ ನಿಶ್ಶಬ್ದ ನನಗೆ ಗೊತ್ತಿತ್ತು. ಒಂದು ಸಲ ಕೇಳಿದ್ದೆನಲ್ಲ. ನಾನು ಗೋಡೆಯ ಕಡೆ ಮುಖ ತಿರುಗಿಸಿಕೊಂಡೆ. ಡಾಕ್ಟ್ರಮ್ಮ ಮಗುವಿನ ಬಾಯಿ ಒರೆಸಿದರು, ಬೆನ್ನು ಉಜ್ಜಿದರು, ಪಾದಕ್ಕೆ ಬೆರಳಿನಿಂದ ಹೊಡೆದರು. ಮತ್ತೆ ಹೊಡೆದರು. ಆಗ ಬಂತು ನೋಡಿ ಅಳು! ನಾನು ಅಳುತ್ತ ನಗುತ್ತ, "ಅಮ್ಮಾ, ಬೈದಿದ್ದೆಲ್ಲ ವಾಪಸ್ ತಗೊಂಡೆ" ಎಂದೆ. ಸಿಸ್ಟರಿಗೆ ಏನೂ ಅರ್ಥವಾಗಲಿಲ್ಲ.

ಹೆಣ್ಣು ಮಗು. ಶಾರದೆ ಎಂದೇ ಹೆಸರಿಟ್ಟೆವು. ಅತ್ತೆ ಸಂಜೆ ಮನೆಗೆ ಹೋದಾಗ ಕೌಲೆ ಅಡುಗೆಮನೆಯಲ್ಲಿತ್ತು, ಅಕ್ಕಿ ಡಬ್ಬಿ ತಳ ಕಾಣುತ್ತಿತ್ತು. "ತಿನ್ಲಿ ಬಿಡು, ಅದರದ್ದೇ ಬಾಣಂತನ" ಎಂದರಂತೆ. ಮಗುವಿಗೆ ಮೂರು ತಿಂಗಳಾದಾಗ ಶೃಂಗೇರಿಗೆ ಹೋಗಿ ಅಮ್ಮನ ಎದುರು ಮುಡಿಪು ಬಿಚ್ಚಿದೆವು. ಅತ್ತೆ ಎಷ್ಟು ಬಿಗಿಯಾಗಿ ಕಟ್ಟಿದ್ದರೆಂದರೆ ನಾನು ಹಲ್ಲಿನಿಂದ ಬಿಡಿಸಬೇಕಾಯಿತು.

ಕಾಲು ಮುಂದಾಗಿ ಹುಟ್ಟಿದವರು ಕಾಲು ಸೋಕಿಸಿದರೆ ಸೊಂಟದ ಉಳುಕು ಹೋಗುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಶಾರದೆ ನಡೆಯಲು ಕಲಿತದ್ದೇ ನಮ್ಮ ಜಗಲಿಗೆ ಜನ ಬರತೊಡಗಿದರು. ಬಸ್ಸಿನ ಡ್ರೈವರನೂ ಬಂದು ಬೋರಲು ಮಲಗಿದ್ದ. ಇದೆಲ್ಲ ಕಾಕತಾಳೀಯ ಎಂದು ನಮ್ಮ ಯಜಮಾನರು ಒಮ್ಮೊಮ್ಮೆ ಹೇಳುವುದುಂಟು. ಹೆರಿಗೆಯ ಮಾತು ಬಂದರೂ ಹಾಗೇ. "ಬಸ್ಸು ಹೆಂಗೂ ಬರ್ತಿತ್ತಲ್ಲೇ" ಎನ್ನುತ್ತಾರೆ. ಬರುತ್ತಿತ್ತು, ನಿಜ. ಶಿವಮೊಗ್ಗಕ್ಕೆ ಹೋಗಿಯೂ ಬಿಡುತ್ತಿತ್ತು. ನಿಲ್ಲಿಸಿದವರು ಯಾರು?

ಶಾರದೆ ಶಾಲೆಗೆ ಸೇರಿದ ವರ್ಷ ಡಾಕ್ಟ್ರಮ್ಮನಿಗೆ ವರ್ಗವಾಯಿತು. ಹೋಗುವ ಮೊದಲು ಅಮ್ಮನ ದರ್ಶನಕ್ಕೆ ಬಂದವರು ನಮ್ಮ ಮನೆಯ ಹತ್ತಿರ ಜೀಪು ನಿಲ್ಲಿಸಿದರು. ಇಳಿಯುವಾಗ ಸೊಂಟ ಹಿಡಿದುಕೊಂಡದ್ದನ್ನು ಅತ್ತೆ ನೋಡಿಬಿಟ್ಟರು. ಇನ್ನು ಬಿಡುತ್ತಾರೆಯೇ! ಚಾಪೆ ಹಾಸಿ, "ಮಲಗಿ ಡಾಕ್ಟ್ರಮ್ಮ, ನಾಚ್ಕೆ ಎಂತಕ್ಕೆ?" ಎಂದು ಮಲಗಿಸಿಯೇಬಿಟ್ಟರು. ಡಾಕ್ಟ್ರಮ್ಮ ನಗುತ್ತಲೇ ಬೋರಲಾದರು. ಶಾರದೆ ಕಾಲು ತೊಳೆದುಕೊಂಡು ಬಂದು ಅವರ ಸೊಂಟದ ಮೇಲೆ ಮೆಲ್ಲಗೆ ಇಟ್ಟಳು.

ಡಾಕ್ಟ್ರಮ್ಮ ಮಲಗಿದ್ದಲ್ಲಿಂದಲೇ ಕೈ ಹಿಂದೆ ಮಾಡಿ ಆ ಪಾದ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ. "ಈ ಕಾಲು ನಂಗೆ ಗೊತ್ತಮ್ಮ. ನಿಮ್ಮೆಲ್ಲರಿಗಿಂತ ಮೊದಲು ಮುಟ್ಟಿದ್ದು ನಾನೇ" ಎಂದರು.

ನಮ್ಮ ಅತ್ತೆ ಎದ್ದು ಏಣಿ ಇಟ್ಟು ಅಟ್ಟಕ್ಕೆ ಹತ್ತಿದರು. ಇಳಿದಾಗ ಕೈಯಲ್ಲಿ ಆ ಕಂಚಿನ ತಟ್ಟೆ. ಹುಣಸೆಹಣ್ಣು ಹಾಕಿ ಫಳಫಳ ಆಗುವಷ್ಟು ತಿಕ್ಕಿದರು, ಡಾಕ್ಟ್ರಮ್ಮನ ಮುಂದಿಟ್ಟು ಬಿಸಿ ಕಡುಬು ಬಡಿಸಿದರು. ಯಾವ ತಟ್ಟೆ ಎಂದು ಅವರಿಗೆ ಗೊತ್ತಿರಲಿಲ್ಲ, ನಾವೂ ಹೇಳಲಿಲ್ಲ. ನಾನು ಒಳಗೆ ಹೋಗಿ ಒಂದಿಷ್ಟು ಅತ್ತು ಬಂದೆ.

ಅತ್ತೆ ಈಗಿಲ್ಲ, ಕೌಲೆಯೂ ಇಲ್ಲ. ಇದರ ಕಾಗುಣಿತ ತಿದ್ದಿಕೊಟ್ಟವಳು ಶಾರದೆಯೇ. ಅಮ್ಮನನ್ನು ಬೈದದ್ದನ್ನು ತೆಗೆದುಬಿಡು ಎಂದಳು, ನಾನು ತೆಗೆಯಲಿಲ್ಲ. ಬೈದರೂ ಮುಖ ತಿರುಗಿಸದವಳು ಶಾರದಮ್ಮನೊಬ್ಬಳೇ. ಕಷ್ಟದಲ್ಲಿರುವ ತಾಯಂದಿರೇ, ಆಸ್ಪತ್ರೆಗೂ ಹೋಗಿ, ಅಮ್ಮನನ್ನೂ ಕರೆಯಿರಿ. ನಮ್ಮ ಶಾರದೆ ದಿನವೂ ಉಣ್ಣುವುದು ಆ ಕಂಚಿನ ತಟ್ಟೆಯಲ್ಲೇ.