ಬಿಗಿ ರಿಂಗಿನ ಕ್ಯಾಮೆರಾ

ಮಳೆಗಾಲ ಮುಗಿಯಿತೆಂದರೆ ಕಪಾಟಿನ ಕೆಳಗಿನ ಖಾನೆಯಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು ಅಂಗಳದ ಬಿಸಿಲಿಗೆ ಇಡುವುದು ನನ್ನ ರೂಢಿ. ಮುಚ್ಚಳ ತೆರೆದ ಕೂಡಲೇ ಹಳೆಯ ಚರ್ಮದ ವಾಸನೆ ಬರುತ್ತದೆ, ಅದರ ಹಿಂದೆಯೇ ತುಸು ಬೂಷ್ಟಿನದು. ಒಳಗೆ ಅರಿವೆಯಲ್ಲಿ ಕಟ್ಟಿದ ಅಕ್ಕಿಯ ಗಂಟು, ಅದರ ಪಕ್ಕ ನಮ್ಮ ಕಾಕಾನ ಕ್ಯಾಮೆರಾ. ಅಕ್ಕಿ ಥಂಡಿ ಹೀರಿಕೊಳ್ಳುತ್ತದೆ ಎಂದು ಕಾಕಾ ಹೇಳಿದ್ದ. ಖರೆಯೋ ಸುಳ್ಳೋ, ವರ್ಷಕ್ಕೊಮ್ಮೆ ಅಕ್ಕಿ ಬದಲಿಸುತ್ತೇನೆ.

ಈ ವರ್ಷ ಕ್ಯಾಮೆರಾವನ್ನು ಸುಮ್ಮನೆ ಕಣ್ಣಿಗೆ ಹಿಡಿದು ತುಳಸಿಕಟ್ಟೆಯ ಕಡೆ ನೋಡಿದೆ. ಎರಡು ತುಳಸಿ ಕಂಡವು. ಹಲ್ಲು ಕಚ್ಚಿ ರಿಂಗು ಆಚೀಚೆ ತಿರುಗಿಸಿದೆ, ಎರಡೂ ಹತ್ತಿರ ಬಂದವೇ ಹೊರತು ಕೂಡಲಿಲ್ಲ. ‘ಆತು, ಇದೂ ಹೋತು’ ಅಂದುಕೊಂಡೆ. ಅಂದುಕೊಂಡ ಮರುಕ್ಷಣ ನಗು ಬಂತು. ಯಾಕೆ ಅಂತ ಹೇಳಬೇಕಾದರೆ ಕಾಕಾನಿಂದಲೇ ಸುರು ಮಾಡಬೇಕು.

ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಜಮಖಂಡಿಯಲ್ಲಿ ಡ್ರಾಯಿಂಗ್ ಮಾಸ್ತರ. ಕೈವಾರ ಮುಟ್ಟದೆ ಬೋರ್ಡಿನ ಮೇಲೆ ಗುಂಡಗೆ ವರ್ತುಲ ಎಳೆಯುತ್ತಿದ್ದ. ಗೋಡೆಯ ಮೇಲಿನ ಕ್ಯಾಲೆಂಡರ್ ಕೂದಲೆಳೆಯಷ್ಟು ವಾರೆಯಾಗಿದ್ದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ‘ನಂದು ಕಣ್ಣಳತಿ’ ಎನ್ನುವುದು ಅವನ ಮಾತಿನ ಪಲ್ಲವಿ. ಅಂಥವನಿಗೆ ಹಳೆಯ ಕ್ಯಾಮೆರಾಗಳ ಹುಚ್ಚು ಹಿಡಿದದ್ದು, ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬೀಳಗಿ ಕಡೆಯ ಊರುಗಳಿಗೆ ನುಗ್ಗುವುದು ಇಂದೋ ನಾಳೆಯೋ ಎನ್ನುತ್ತಿದ್ದ ಕಾಲದಲ್ಲಿ. ಮುಧೋಳದಲ್ಲಿ, ಬನಹಟ್ಟಿಯಲ್ಲಿ ಸ್ಟುಡಿಯೋದವರು ಹೊಸ ಕ್ಯಾಮೆರಾ ತಂದು ಹಳೆಯವನ್ನು ಮೂಲೆಗೆ ಹಾಕಿದ್ದರು. ಕಾಕಾ ಅವನ್ನು ಒಂದೊಂದಾಗಿ ಮನೆಗೆ ತಂದ.

ಈ ಜಾತಿಯ ಕ್ಯಾಮೆರಾದ ಸ್ವಭಾವವನ್ನು ಈಗಲೇ ಹೇಳಿಬಿಡುತ್ತೇನೆ. ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಗಾಜು ಬೇರೆ. ಕಿಂಡಿಯ ನಡುವೆ ಮಸುಕು ಹಳದಿಯ ಒಂದು ಚೌಕ. ಅದರಲ್ಲಿ ಎದುರಿನ ಮನುಷ್ಯ ಎರಡೆರಡಾಗಿ ಕಾಣುತ್ತಾನೆ. ಗಾಜಿನ ಸುತ್ತಲಿನ ರಿಂಗು ತಿರುಗಿಸುತ್ತ ಹೋದರೆ ಇಬ್ಬರೂ ಸರಿದು ಬಂದು ಒಬ್ಬನಾಗುತ್ತಾರೆ. ಆಗ ಒತ್ತಿದರೆ ಫೋಟೋ ಸ್ಪಷ್ಟ, ಇಲ್ಲದಿದ್ದರೆ ಮಂಜು. ಕಿಂಡಿ ಬೇರೆ ಇರುವುದರಿಂದ ಗಾಜಿಗೆ ಮುಚ್ಚಳ ಹಾಕಿದ್ದರೂ ನಮಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ನಮ್ಮ ಅಕ್ಕನ ಸೀಮಂತದ ಕುಬಸವನ್ನು ಕಾಕಾ ಮುಚ್ಚಳ ತೆಗೆಯದೆ ಹಾಗೆಯೇ ಇಡೀ ರೀಲು ಹೊಡೆದಿದ್ದ. ಫೋಟೋದಲ್ಲಿ ಆರತಿಯ ತಟ್ಟೆ ಕೂಡ ಬೀಳಲಿಲ್ಲ. ‘ಅಮಾಸಿ ಕುಬಸ’ ಎಂದು ಅವನ ಹೆಂಡತಿ, ನಮ್ಮ ಕಾಕು, ಬಹಳ ದಿನ ಅಂದಳು.

ಕಾಕಾನ ಸಂಗ್ರಹ ಬೆಳೆದ ರೀತಿ ಮಾತ್ರ ವಿಚಿತ್ರ. ಒಂದು ಕ್ಯಾಮೆರಾ ತರುವುದು, ಕೆಲವು ತಿಂಗಳು ಹೊಗಳುವುದು, ಆಮೇಲೆ ‘ಇದರ ಕನ್ನಡಿ ಮಬ್ಬಾಗೇತಿ, ಎರಡು ಕೂಡವಲ್ವು’ ಎಂದು ಇನ್ನೊಂದನ್ನು ಹುಡುಕುವುದು. ಒಂದು ಜಪಾನಿಂದು, ಅಂಗೈಯೊಳಗೆ ಅಡಗುವಂಥದು. ಒಂದು ಜರ್ಮನಿಯದು, ಶಬ್ದವೇ ಇಲ್ಲ. ಅವುಗಳ ನಡುವೆ ಒಂದು ರಷ್ಯಾದ್ದು, ಒರಳುಕಲ್ಲಿನ ತೂಕ. ಅದರ ಗ್ರೀಸು ಒಣಗಿ ರಿಂಗು ಎಷ್ಟು ಬಿಗಿಯೆಂದರೆ ತಿರುಗಿಸಲು ಹಲ್ಲು ಕಚ್ಚಬೇಕು. ಕಾಕಾ ಅದನ್ನು ಎಮ್ಮಿ ಎಂದು ಕರೆದು ಮೂಲೆಗೆ ಇಟ್ಟಿದ್ದ.

ಕಾಕುವಿನ ತವರು ಬೀಳಗಿ ಕಡೆಯ ಒಂದು ಹಳ್ಳಿ, ಮುಳುಗುವ ಸಾಲಿನಲ್ಲಿತ್ತು. ಅವಳ ಅಣ್ಣ ಹೊಸ ಊರಿನ ಮನೆಗೆ ಬೇಕೆಂದು ಹಳೆಯ ಮನೆಯ ಕಂಬ, ತೊಲೆ, ಬಾಗಿಲು ಕೀಳಿಸಲು ಬಡಿಗ್ಯಾರನ್ನು ಗೊತ್ತು ಮಾಡಿದ್ದ. ಅದಕ್ಕಿಂತ ಮುಂಚೆ ಮನೆಯ ಒಂದು ಫೋಟೋ ಆಗಬೇಕೆಂದು ಕಾಕುವಿನ ಹಟ. ‘ನಮ್ಮವ್ವಂದು ಒಂದೂ ಫೋಟೋ ಇಲ್ಲ. ಈಗೀಗ ಮಾರಿ ಸೈತ ನೆನಪಾಗವಲ್ದು. ಮನೀದರ ಇರ್ಲಿ,’ ಅಂದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಕಾಕಾ ಪಡಸಾಲೆಯಲ್ಲಿ ಜಮಖಾನ ಹಾಸಿ ಎಲ್ಲ ಕ್ಯಾಮೆರಾ ಸಾಲಾಗಿ ಇಟ್ಟ. ರಜೆಗೆ ಅವರ ಮನೆಗೆ ಹೋಗಿದ್ದ ನಾನು ಶೇಂಗಾ ಸುಲಿಯುತ್ತ ಕೂತಿದ್ದೆ. ಒಂದನ್ನು ಎತ್ತುವುದು, ಬೀದಿಯ ಬೇವಿನ ಗಿಡಕ್ಕೆ ಹಿಡಿಯುವುದು, ಕೆಳಗಿಡುವುದು. ಕೊನೆಗೆ, ‘ಯಾವುದೂ ಸುದ್ದ ಇಲ್ಲ. ಎಲ್ಲಾ ಎರಡೆರಡ ತೋರಸ್ತಾವ,’ ಅಂದ.

ಕಾಕು ರೊಟ್ಟಿಯ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ‘ಹಂಗಾರ ಸ್ಟುಡಿಯೋದವನ್ನ ಕರಕೊಂಡ ಹೋಗೂಣೇನ್ರಿ?’

‘ಮನ್ಯಾಗ ಇಷ್ಟ ಕ್ಯಾಮೆರಾ ಇಟಗೊಂಡು? ಮಂದಿ ನಗ್ತಾರ.’

‘ಈಗೇನ್ ಅಳಾಕತ್ತಾರೇನು? ಕೊಡ್ರಿ ಇಲ್ಲಿ.’

ಅವಳಿಗೆ ರಿಂಗು ಯಾವುದೆಂದು ಗೊತ್ತಿತ್ತು; ಇಷ್ಟು ವರ್ಷ ಅದೇ ಉಪನ್ಯಾಸ ಕೇಳಿದ್ದಳು. ಒಂದು ನೋಡಿದಳು. ‘ಇದರಾಗ ಬೇವಿನ ಗಿಡ ಒಂದ ಐತಿ.’ ಇನ್ನೊಂದು ನೋಡಿದಳು. ‘ಇದರಾಗೂ ಒಂದ.’ ಕೊನೆಯದನ್ನು ಕೆಳಗಿಟ್ಟು, ಮೆತ್ತಗೆ, ‘ಇಷ್ಟೂ ಒಮ್ಮಿಗೇ ಕೆಟ್ಟಾವೇನ್ರಿ?’ ಎಂದಳು.

ಕಾಕಾ ಬೀದಿ ನೋಡುತ್ತ, ‘ಬೆಳಕ ಕಡಿಮಿ ಐತಿ,’ ಅಂದ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ನಾನು ಶೇಂಗಾದ ಸಿಪ್ಪೆ ಬಾಯಿಗೆ, ಬೀಜ ಕಸಕ್ಕೆ ಹಾಕಿದ್ದು ನೆನಪಿದೆ.

ಮರುದಿನ ಮೂವರೂ ಬಸ್ಸಿಗೆ ಹೊರಟಾಗ ಕಾಕು ಚೀಲಕ್ಕೆ ಹಾಕಿಕೊಂಡದ್ದು ಎಮ್ಮಿಯನ್ನು. ‘ಅದ್ಯಾಕ?’ ಎಂದ ಕಾಕಾ. ‘ಇರ್ಲಿ ಬರ್ರಿ,’ ಎಂದಳು.

ಹಳ್ಳಿ ಮುಟ್ಟಿದಾಗ ಬಡಿಗ್ಯಾರು ಹಾರಿ ಕೋಲು ತಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಅಣ್ಣ, ಅವನ ಹೆಂಡತಿ ಬಾಗಿಲ ಮುಂದೆ ನಿಂತರು. ‘ಏ ತಂಗಿ, ನೀನೂ ಬಾರವಾ. ನೀ ಇಲ್ದ ಎಂಥಾ ಫೋಟೋ?’ ಎಂದು ಅಣ್ಣ ಕರೆದ. ಕಾಕು ಬರ್ತೀನಿ ಅಂದಳು. ಮೊದಲು ಕ್ಯಾಮೆರಾ ಕಣ್ಣಿಗೆ ಹಿಡಿದು, ಹಲ್ಲು ಕಚ್ಚಿ ರಿಂಗು ತಿರುಗಿಸಿ, ಅಣ್ಣನೂ ಬಾಗಿಲ ಚೌಕಟ್ಟೂ ಒಂದೊಂದೇ ಕಾಣುವಂತೆ ಮಾಡಿದಳು. ಆಮೇಲೆ ಚಪ್ಪಲಿ ಅಲ್ಲೇ ಬಿಟ್ಟು ಪಕ್ಕಕ್ಕೆ ಸರಿದಳು.

‘ಇದರ ರಿಂಗು ಕೈ ಬದಲಾದ್ರೂ ಅಳ್ಳಾಡೂದಿಲ್ಲ. ನನ್ನ ಚಪ್ಪಲಿ ಮ್ಯಾಲ ನಿಂದರ್ರಿ. ಹಿಂದ ಮುಂದ ಸರೀಬ್ಯಾಡ್ರಿ. ಒತ್ರಿ, ಅಷ್ಟ.’

ಬಡಿಗ್ಯಾರಲ್ಲೊಬ್ಬ, ‘ಮಾಸ್ತರ, ಕಾಲಾಗಿನ ಜೋಡು ಬಿಗಿ ಆಗತಾವೇನ್ರಿ?’ ಎಂದು ಕೇಳಿಯೇಬಿಟ್ಟ. ಕಾಕಾ ಹೆಂಡತಿಯ ಪುಟ್ಟ ಚಪ್ಪಲಿಗಳ ಮೇಲೆ ಹಿಮ್ಮಡಿ ಹೊರಗೆ ಚಾಚಿ ನಿಂತು, ಉಸಿರು ಬಿಗಿಹಿಡಿದು ಒತ್ತಿದ. ಕಾಕು ಅಣ್ಣನ ಪಕ್ಕ ಕಾದ ನೆಲದ ಮೇಲೆ ಕಾಲು ಬದಲಿಸುತ್ತ ನಿಂತಿದ್ದಳು.

ವಾಪಸು ಬರುವಾಗ ಬೀಳಗಿ ದಾಟಿದ ಮೇಲೆ ಕಾಕಾ ಕಿಟಕಿಯ ಕಡೆ ಮುಖ ಮಾಡಿಕೊಂಡೇ, ‘ಕಣ್ಣಿನ ಪೊರಿ ತಗ್ಯಾಕ ಮಿರಜ ದವಾಖಾನಿ ಛಲೋ ಅಂತಾರಲ್ಲ?’ ಎಂದ.

‘ಹೌದ್ರಿ, ಛಲೋ ಅಂತ,’ ಎಂದಳು ಕಾಕು.

ಪೊರೆ ತೆಗೆಸಿದ ಮೇಲೆ ಕೆಟ್ಟಿದ್ದ ಕ್ಯಾಮೆರಾಗಳೆಲ್ಲ ತಾವಾಗಿಯೇ ರಿಪೇರಿಯಾದವು. ಕಾಕಾ ಅವನ್ನು ಬೇಕೆಂದವರಿಗೆ ಕೊಟ್ಟ. ಎಮ್ಮಿಯನ್ನು ಮಾತ್ರ ಇಟ್ಟುಕೊಂಡ; ಅದೇ ಆಮೇಲೆ ನನ್ನ ಕೈಗೆ ಬಂದದ್ದು. ಗ್ರೀಸು ಬದಲಿಸಿ ರಿಂಗು ಸಡಿಲ ಮಾಡಿಕೊಡುತ್ತೇನೆಂದವನಿಗೆ ‘ಮುಟ್ಟಬ್ಯಾಡ’ ಎಂದನಂತೆ. ಆ ಊರಿನ ಮೇಲೆ ಈಗ ನೀರಿದೆ. ಫೋಟೋ ಕಾಕುವಿನ ಪಡಸಾಲೆಯಲ್ಲಿದೆ: ಬಾಗಿಲ ಕೆತ್ತನೆಯ ಗೆರೆ ಗೆರೆಯೂ ಸ್ಪಷ್ಟ, ಇಳಕಲ್ ಸೀರೆ ಉಟ್ಟ ಕಾಕು ಬರಿಗಾಲು. ನೋಡಿದವರು ಕೇಳಿದರೆ, ‘ಚಪ್ಪಲಿ ಕೆಲಸದ ಮ್ಯಾಲಿದ್ವು,’ ಎನ್ನುತ್ತಾಳೆ.

ಇಷ್ಟು ನೆನಪಾಗುವಷ್ಟರಲ್ಲಿ ಡಬ್ಬಿ ಕಾದಿತ್ತು. ಪೇಪರ್ ಓದುತ್ತಿದ್ದ ನಮ್ಮವರನ್ನು ಕರೆದು ಕ್ಯಾಮೆರಾ ಕೈಗಿಟ್ಟೆ. ‘ತುಳಸಿ ಎಷ್ಟ ಅದಾವ ನೋಡ್ರಿ.’

ಅವರು ಬಲ ಹಾಕಿ ಸಾವಕಾಶ ರಿಂಗು ತಿರುಗಿಸಿ, ‘ಒಂದ ಐತಲ್ಲ,’ ಅಂದರು. ‘ಯಾಕ, ನಿನಗೆಷ್ಟ ಕಾಣಸ್ತಾವ?’

ಬೆಳಕು ಕಡಿಮೆ ಇದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ‘ಎರಡು,’ ಅಂದೆ. ಹಾಗೆಯೇ ಅವರ ಕಾಲ ಕಡೆ ನೋಡಿದೆ. ನಮ್ಮವರ ಚಪ್ಪಲಿ ದೊಡ್ಡವು, ಅವುಗಳ ಮೇಲೆ ನಾನು ನಿಲ್ಲುವುದಕ್ಕೇನೂ ತೊಂದರೆಯಿಲ್ಲ.