ಬಡ್ಡಿ ಇಳಿಸಲು ಬಂದ ಭಾವ

ಅಕ್ಕನ ಗಂಡ ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು. ಬ್ಯಾಂಕ್ ಮ್ಯಾನೇಜರ್ ಜೊತೆ ಎರಡು ಸಲ ಕಾಫಿ ಕುಡಿದಿದ್ದರಿಂದ ಹಣಕಾಸಿನಲ್ಲಿ ತಮಗೆ ತಿಳಿಯದ್ದೇನೂ ಉಳಿದಿಲ್ಲವೆಂದು ನಂಬಿದ್ದರು. ಎಂಬತ್ತರ ದಶಕದ ಆರಂಭ. ಹಳೇಬೀಡಿನ ನಮ್ಮ ಮನೆ ಬೇಲೂರಿನ ಸಾಹುಕಾರರೊಬ್ಬರಲ್ಲಿ ಅಡಮಾನವಾಗಿತ್ತು. ಬಡ್ಡಿ ನೂರಕ್ಕೆ ಹದಿನೆಂಟು. ಸಾಲವನ್ನು ಬ್ಯಾಂಕಿಗೆ ಬದಲಾಯಿಸಿದರೆ ಹನ್ನೆರಡು. ಭಾವನ ಪಾಂಡಿತ್ಯ ಈ ಎರಡು ಸಂಖ್ಯೆಗಳಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು.

ನಮಗೆ ಉಳಿದಿದ್ದದ್ದು ಎರಡೇ ವರ್ಷದ ಕಂತು. ಬಡ್ಡಿಯಲ್ಲಿ ಮಿಗುವುದನ್ನು ಸ್ಟಾಂಪು, ನೋಂದಣಿ, ವಕೀಲರ ಫೀಸುಗಳೇ ನುಂಗಿಬಿಡುತ್ತಿದ್ದವು. ಇನ್ನೂ ಹತ್ತು ವರ್ಷ ಬಾಕಿಯಿದ್ದಿದ್ದರೆ ಬದಲಾಯಿಸಿ ಎಂದು ನಾನೇ ಹೇಳುತ್ತಿದ್ದೆ. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ನಾನು ಇದನ್ನು ಲೆಕ್ಕ ಹಾಕಿ ತೋರಿಸಿದಾಗ ಭಾವ ನಕ್ಕರು.

"ಕಾಲೇಜಿನ ಲೆಕ್ಕ ಕಾಲೇಜಲ್ಲೇ ಇರ್ಲಿ ಕಣಮ್ಮಾ."

ಅಪ್ಪ ನನ್ನ ಲೆಕ್ಕದ ಹಾಳೆಯನ್ನು ಮಡಿಸಿಟ್ಟರು. ನಮ್ಮಲ್ಲಿ ಅಳಿಯನಿಗೆ ಎದುರಾಡುವ ಪದ್ಧತಿಯಿಲ್ಲ. ಮಗಳಿಗೆ ಕಿವಿಗೊಡುವ ಪದ್ಧತಿಯಂತೂ ಇಲ್ಲವೇ ಇಲ್ಲ.

ಅಷ್ಟಕ್ಕೇ ನಿಂತಿದ್ದರೆ ಒಂದಿಷ್ಟು ದುಡ್ಡು ದಂಡವಾಗುತ್ತಿತ್ತು. ಆದರೆ ಬ್ಯಾಂಕಿನ ಹಣ ಬರುವ ಮೊದಲೇ ಸಾಹುಕಾರರ ಸಾಲ ತೀರಿಸಬೇಕೆಂದು ಭಾವ ಒಬ್ಬ ದಲ್ಲಾಳಿಯನ್ನು ಹಿಡಿದು ತಂದರು. ಹಣ ಅವನು ಕೊಡುತ್ತಾನೆ. ಭದ್ರತೆಗೆ ಮನೆಯನ್ನು ಅವನ ಹೆಸರಿಗೆ ಕ್ರಯಕ್ಕೆ, ಅಂದರೆ ಮಾರಿದಂತೆ, ಬರೆದುಕೊಡಬೇಕು. ಬ್ಯಾಂಕಿನ ಹಣ ಬಂದ ಮೇಲೆ ವಾಪಸ್ ಬರೆದುಕೊಡುತ್ತಾನೆ. ಈ ವಾಪಸಿನ ಮಾತು ಮಾತ್ರ ಬರೀ ಬಾಯಿಮಾತು.

"ಮನೆ ಅವರ ಹೆಸರಿಗೆ ಹೋದ್ಮೇಲೆ ಬ್ಯಾಂಕಿನವರು ನಮಗೆ ಯಾವ ಮನೆ ಮೇಲೆ ಸಾಲ ಕೊಡ್ತಾರೆ ಭಾವ?"

"ಅದನ್ನೆಲ್ಲ ಮ್ಯಾನೇಜರ್ ನೋಡ್ಕೋತಾರೆ."

ಬೇಲೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಗೆ, ಪತ್ರ ಓದಿ ಹೇಳಲೆಂದು ನನ್ನನ್ನೂ ಕರೆದೊಯ್ದರು. ವಾಪಸ್ ಕೊಡುವ ಮಾತೇ ಅದರಲ್ಲಿಲ್ಲವೆಂದು ಓದಿ ಹೇಳಿದೆ, ಯಾರೂ ಕೇಳಲಿಲ್ಲ. ಒಳಗಿನಿಂದ ಗುಮಾಸ್ತ ಒಂದೊಂದು ಹೆಸರು ಕೂಗಿದಾಗಲೂ ಅಪ್ಪನದೇ ಇರಬೇಕೆಂದು ಬಾಗಿಲ ಕಡೆ ನೋಡುತ್ತಿದ್ದೆ. ಹೊತ್ತು ಇಳಿಯಿತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಅಪ್ಪ ಉಣ್ಣುತ್ತಿರಲಿಲ್ಲ. ಹಳೇಬೀಡಿನ ಬಸ್ಸು ಬಂದದ್ದೇ ಎದ್ದುಬಿಟ್ಟರು.

ಭಾವನೂ ಜೈನರೇ, ಆದರೆ ಅರಸೀಕೆರೆಯ ಹೋಟೆಲುಗಳಲ್ಲಿ ರಾತ್ರಿ ಹೊತ್ತು ಈರುಳ್ಳಿ ಬಜ್ಜಿ ತಿಂದು ಪಳಗಿದವರು. "ಒಂದು ಊಟಕ್ಕೋಸ್ಕರ ಆರು ಪರ್ಸೆಂಟ್ ಬಿಡ್ತೀರಾ ಮಾವ?" ಎಂದು ದಲ್ಲಾಳಿಯೊಡನೆ ಅಪ್ಪನ ಹಿಂದೆಯೇ ಓಡಿದರು.

ನಾನು ಕೊನೆಯಲ್ಲಿದ್ದೆ. ಮೆಟ್ಟಿಲು ಇಳಿಯುವಾಗ ಒಳಗಿನಿಂದ ಅಪ್ಪನ ಹೆಸರು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಬಸ್ಸಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ನಾನು ಬಾಯಿ ಬಿಡದೆ ಬಸ್ಸು ಹತ್ತಿದೆ. ಈಗಲೂ ಕೆಲವು ರಾತ್ರಿ ಕನಸಿನಲ್ಲಿ ಆ ಕೂಗು ಕೇಳಿಸುತ್ತದೆ. ಅಪ್ಪ ಹಿಂತಿರುಗಿ ನೋಡುತ್ತಾರೆ, ನಾನು ಎಚ್ಚೆತ್ತುಕೊಳ್ಳುತ್ತೇನೆ.

ಮಾರನೆಯ ದಿನ ಕಚೇರಿಗೆ ರಜೆ. ಮತ್ತೆ ಹೊರಡುವಷ್ಟರಲ್ಲಿ ಮ್ಯಾನೇಜರಿಗೆ ವರ್ಗವಾಗಿತ್ತು. ಹೊಸಬರು ಅಂಥ ಸಾಲವೇ ಇಲ್ಲವೆಂದರು, ಮಾತು ಅಲ್ಲಿಗೇ ಮುರಿದು ಮನೆ ಉಳಿಯಿತು. ಅದೇ ದಲ್ಲಾಳಿಗೆ ಹೀಗೇ ಬರೆದುಕೊಟ್ಟಿದ್ದ ಗೆಂಡೆಹಳ್ಳಿಯವರೊಬ್ಬರು ತಮ್ಮ ಮನೆಗೇ ಬಾಡಿಗೆ ಕಟ್ಟುತ್ತಿದ್ದಾರೆಂಬುದು ಆಮೇಲೆ ಗೊತ್ತಾಯಿತು.

ಮುಂದಿನ ಹಬ್ಬಕ್ಕೆ ಬಂದ ಭಾವ ಊಟದ ನಡುವೆ ಹೇಳಿದರು: "ಅವತ್ತು ಅವಸರ ಬೇಡ ಅಂತ ತಡೆದೋನು ನಾನೇ ಅಲ್ವಾ ಮಾವ?"

ಅಪ್ಪ ಗೌರವದಿಂದ ತಲೆಯಾಡಿಸಿದರು. ನಾನು ಭಾವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದೆ.