ಶುಂಠಿ ಪಟ್ಟು, ಜೀರಿಗೆ ನೀರು

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ನಾನು ಸ್ಕೂಲು ಬಿಟ್ಟೆ. ಪಾಪ, ಬಿಡಿಸಿಬಿಟ್ಟರಂತೆ ಎಂದು ಯಾರಾದರೂ ಲೊಚಗುಟ್ಟಿದರೆ ಇವತ್ತಿಗೂ ಮೈ ಉರಿಯುತ್ತದೆ. ಯಾರೂ ಬಿಡಿಸಲಿಲ್ಲ ಕಣ್ರೀ, ನಾನೇ ಬಿಟ್ಟೆ. ಒಣಶುಂಠಿ ತೇಯುವ ವಾಸನೆ ಎಲ್ಲಿ ಬಂದರೂ ಆ ಬೇಸಿಗೆ ಎದುರಿಗೆ ಬಂದು ನಿಲ್ಲುತ್ತದೆ: ಸುದ್ದಗುಂಟೆಪಾಳ್ಯದ ನಮ್ಮ ಹೆಂಚಿನ ಮನೆ, ಸಗಣಿ ಸಾರಿಸಿದ ನಡುಮನೆಯ ತಂಪು, ಹಿತ್ತಲಾಚೆ ಬಾವಿ, ಬಾವಿಯಾಚೆ ದಂಟು, ಮೆಂತ್ಯ, ಕೊತ್ತಂಬರಿಯ ಮಡಿಗಳು. ನೀವೂ ಅಂಥ ಮನೆ ಕಂಡವರೇ ಇರಬೇಕು. ಅಪ್ಪ ತೀರಿಕೊಂಡಿದ್ದರು. ಅಮ್ಮ ಬೆಳಿಗ್ಗೆ ಸೊಪ್ಪು ಕಿತ್ತು, ಮಂಕರಿಗೆ ತುಂಬಿ, ಆಗತಾನೇ ಮನೆಗಳು ಏಳುತ್ತಿದ್ದ ಜಯನಗರದ ಬೀದಿಗಳಲ್ಲಿ ಕೂಗಿ ಮಾರುತ್ತಿದ್ದಳು.

ಒಂದು ಬೆಳಿಗ್ಗೆ ಮಂಕರಿ ತಲೆಗೇರಿಸಿಕೊಂಡವಳು ಬಾಗಿಲಲ್ಲೇ ಗೋಡೆ ಹಿಡಿದು ಕೂತುಬಿಟ್ಟಳು. "ತಲೆ ಸಿಡೀತಿದೆ ಕಣೋ, ಮನೆಯೆಲ್ಲಾ ಗಿರ್ರಂತ ತಿರುಗ್ತಿದೆ" ಎಂದಳು. ಮೈ ಕಾದ ಹೆಂಚು. ಅಪ್ಪನ ತಾಯಿ, ನಮ್ಮಜ್ಜಿ, ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತಳು. ಸಾಣೆಕಲ್ಲಿನ ಮೇಲೆ ಶುಂಠಿ ತೇಯ್ದು ಸೊಸೆಯ ಹಣೆಗೆ ದಪ್ಪಗೆ ಪಟ್ಟು ಹಾಕಿದಳು, ಕಂಬಳಿ ಹೊದಿಸಿದಳು, ಕಿಟಕಿ ಮುಚ್ಚಿದಳು. ನೀರು ಮಾತ್ರ ಕೊಡಲಿಲ್ಲ. ಜ್ವರದವರ ಹೊಟ್ಟೆಗೆ ನೀರು ಬಿದ್ದರೆ ಸನ್ನಿ ಹಿಡಿಯುತ್ತದೆ, ಗುರುತು ತಪ್ಪಿ ಬಡಬಡಿಸಿ ಹೋಗಿಬಿಡುತ್ತಾರೆ ಎನ್ನುವುದು ನಮ್ಮ ಪಾಳ್ಯದವರ ನಂಬಿಕೆ. ಅಜ್ಜಿ ಅದನ್ನು ಕಣ್ಣಾರೆ ಕಂಡಿದ್ದೇನೆ ಎನ್ನುತ್ತಿದ್ದಳು. ಅವಳ ಒಬ್ಬಳೇ ಮಗಳು ಜ್ವರದಲ್ಲಿ ಒಂದು ಚೊಂಬು ಬಾವಿನೀರು ಕುಡಿದಿದ್ದಳು, ಅದೇ ಸಂಜೆ ಸತ್ತಿದ್ದಳು.

ಮಾರನೆ ದಿನ ಅಮ್ಮನ ತುಟಿ ಒಡೆದಿತ್ತು. ಮಡಿಗೆ ನೀರು ಹಾಯಿಸಬೇಕೆಂದು ಎದ್ದವಳು ತಲೆಸುತ್ತಿ ಒರಳಿನ ಪಕ್ಕಕ್ಕೆ ಬಿದ್ದಳು. ಬಿದ್ದಲ್ಲಿಂದಲೇ ನೀರು ಕೇಳಿದಳು.

"ಬಾಯ್ಮುಚ್ಕೊಂಡು ಮಲಕ್ಕೊ. ಬೆವರು ಬಿಟ್ರೆ ಎಲ್ಲಾ ಸರಿಹೋಗುತ್ತೆ" ಎಂದಳು ಅಜ್ಜಿ.

"ಸತ್ರೆ ನೀರು ಕುಡ್ದೇ ಸಾಯ್ತೀನತ್ತೆ. ಒಣಗಿ ಸಾಯಕ್ಕೆ ನಾನೇನು ನಿಮ್ ದಂಟಿನ ಸೊಪ್ಪಾ?"

ಅಷ್ಟು ಸುಸ್ತಿನಲ್ಲೂ ಆ ಕೊಂಕು! ನಾನು ಬಾವಿಗೆ ಓಡಿದೆ. ಕೊಡ ಹೊತ್ತು ಬಂದರೆ ಹೊಸ್ತಿಲಲ್ಲಿ ಅಜ್ಜಿ ಅಡ್ಡ ನಿಂತಿದ್ದಳು. ಹೊಡೆಯುತ್ತಾಳೆ ಅಂದುಕೊಂಡೆ, ಆದರೂ ಸರಿಯಲಿಲ್ಲ. ಅವಳು ಕೊಡ ಕಿತ್ತುಕೊಂಡಳು. ಒಲೆ ಹೊತ್ತಿಸಿ, ಜೀರಿಗೆ ಹಾಕಿ ನೀರು ಕುದಿಸಿ, ಆರಿಸಿ, ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. "ನೀನು ಕೊಡ್ಬೇಡ ಕಣೋ. ಏನಾದ್ರೂ ಆದ್ರೆ ನನ್ ಕೈ ಮೇಲೇ ಬರ್ಲಿ" ಎಂದಳು. ಕಿಟಕಿ ನಾನು ತೆರೆದೆ, ಬೈಯಲಿಲ್ಲ. ಸಂಜೆಯವರೆಗೂ ಗಳಿಗೆಗೊಮ್ಮೆ ಬಗ್ಗಿ, "ಲೇ, ನನ್ನ ಗುರುತು ಸಿಗ್ತಿದೆಯೇನೇ?" ಎಂದು ಕೇಳುತ್ತಲೇ ಇದ್ದಳು. "ಸಿಗ್ದೆ ಏನತ್ತೆ, ಈ ಗಂಟಲು ಪಾಳ್ಯದಲ್ಲಿ ಇನ್ಯಾರಿಗಿದೆ?" ಎಂದಳು ಅಮ್ಮ. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ, ಗೊತ್ತಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಜ್ವರ ಇಳಿಯಿತು.

ತಲೆಸುತ್ತು ಮಾತ್ರ ಬಹಳ ದಿನ ಉಳಿಯಿತು. ಮಂಕರಿ ನಾನು ಹೊತ್ತೆ. ಸ್ಕೂಲು ತೆರೆದಾಗ ಅಮ್ಮ ಇಳಿಸು ಎಂದಳು, ನಾನು ಇಳಿಸಲಿಲ್ಲ.

ಈಗ ಆ ಬಾವಿಯ ಮೇಲೆ ಯಾರದೋ ಕಾರು ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಯಾರಿಗಾದರೂ ಹಾಗೆ ತಲೆ ಸಿಡಿದು ಜ್ವರ ಬಂದರೆ ಮಲಗಿಸಿ, ಗಾಳಿ ಬಿಟ್ಟು, ಜೀರಿಗೆ ನೀರು ಕೊಡುತ್ತೇನೆ. ಕತ್ತು ಬಗ್ಗದಿದ್ದರೆ, ಮಾತು ತಡವರಿಸಿದರೆ ಆಸ್ಪತ್ರೆಗೆ ಆಟೋ ಕರೆಯುತ್ತೇನೆ. ಶುಂಠಿಯನ್ನೂ ತೇಯುತ್ತೇನೆ, ನಗುವವರು ನಗಲಿ. ಓದದೆ ಏನು ಸಂಪಾದಿಸಿದೆ ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ: ಒಂದು ಮಹಡಿ ಮನೆ, ಒಂದು ತರಕಾರಿ ಅಂಗಡಿ, ಮೂರು ಮಕ್ಕಳು, ಅಜ್ಜಿಯ ಸಾಣೆಕಲ್ಲು. ಜ್ವರ ಇಳಿದ ಆ ಸಂಜೆಯಾದ ಮೇಲೆ ಅಮ್ಮನ ಜೊತೆ ನಲವತ್ತೊಂದು ವರ್ಷ.